ಬ್ಯಾಟರಿ ಸೋಲ್ಡರಿಂಗ್ ಐರನ್ ನಂಬಿ ಬಯಲಿಗೆ ಹೊರಡುವ ಮುನ್ನ

ಯಕ್ಷಗಾನಕ್ಕೆ ಮೈಕ್ ಸೆಟ್ ಹಾಕುವುದು ನನ್ನ ಕಸುಬು. ದೀಪಾವಳಿ ಕಳೆದು ಮೇಳದ ತಿರುಗಾಟ ಶುರುವಾಯಿತೆಂದರೆ ಮಳೆ ಹಿಡಿಯುವವರೆಗೆ ನನ್ನ ರಾತ್ರಿಗಳೆಲ್ಲ ಕೊಯ್ಲಾದ ಗದ್ದೆಗಳಲ್ಲೇ. ಇವತ್ತು ಬೈಂದೂರಿನ ಕಡೆ, ನಾಳೆ ಘಟ್ಟ ಹತ್ತಿ ಹೊಸನಗರ. ಈ ಕೆಲಸದಲ್ಲಿ ಮೆಷಿನ್ ಕೆಡುವುದು ಅಪರೂಪ. ಕೆಡುವುದು ವೈರು, ಅದರಲ್ಲೂ ವೈರಿನ ತುದಿಯ ಪಿನ್ನು. ಕತ್ತಲಲ್ಲಿ ಯಾರೋ ಎಡವಿದರು, ಯಾರೋ ಕುರ್ಚಿ ಎಳೆದರು, ಬೆಸುಗೆ ಕಿತ್ತು ಬಂತು. ಆಟ ನಡೆಯುತ್ತಿರುವಾಗ ಪ್ಲಗ್ ಹುಡುಕಿಕೊಂಡು ಗದ್ದೆಯಾಚೆಯ ಜನರೇಟರ್ ತನಕ ಓಡುವುದಕ್ಕಾಗುವುದಿಲ್ಲ. ಬ್ಯಾಟರಿಯ ಐರನ್ ಇದ್ದರೆ ಕೂತಲ್ಲೇ ಮುಗಿಯುತ್ತದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸಿತ್ತು.

ಏಳು ವರ್ಷದಲ್ಲಿ ಮೂರು ಬಗೆಯ ಬ್ಯಾಟರಿ ಐರನ್ ಬಳಸಿದ್ದೇನೆ. ಅವು ಎಲ್ಲಿ ಕೈಕೊಡುತ್ತವೆ, ಕೈಕೊಡದ ಹಾಗೆ ಮೊದಲೇ ಏನು ಮಾಡಿಕೊಳ್ಳಬೇಕು ಎನ್ನುವುದನ್ನು ಬರೆಯುತ್ತೇನೆ. ನನ್ನ ಉದಾಹರಣೆಗಳು ಮೈಕಿನವು. ತೋಟದಲ್ಲಿ ಸೋಲಾರ್ ಬೇಲಿ ಸರಿಮಾಡುವವರಿಗೂ ಏಣಿ ಹತ್ತಿ ಕ್ಯಾಮೆರಾ ವೈರು ಜೋಡಿಸುವವರಿಗೂ ತೊಂದರೆ ಇದೇ.

ಮೊದಲು, ನನಗೆ ಪಾಠ ಕಲಿಸಿದ ರಾತ್ರಿಯ ವಿಷಯ. ಜನವರಿ ತಿಂಗಳು, ಎರಡೂವರೆ ದಾಟಿತ್ತು. ಭಾಗವತರ ಮೈಕಿನಲ್ಲಿ ಗುಂಯ್ ಎಂದು ಹಮ್ಮಿಂಗ್ ಶುರುವಾಯಿತು. ಆಂಪ್ಲಿಫೈಯರ್ ಕಡೆಯ ಪಿ-38 ಪಿನ್ (ಕಾಲಿಂಚು ದಪ್ಪದ ಕಡ್ಡಿಯ ಮೈಕ್ ಪಿನ್ನು) ಬಿಚ್ಚಿ ನೋಡಿದರೆ ಶೀಲ್ಡ್ ವೈರು, ಅಂದರೆ ಒಳವೈರನ್ನು ಸುತ್ತಿರುವ ತಂತಿಜಾಲ, ಕಿತ್ತು ನೇತಾಡುತ್ತಿತ್ತು. ಬದಲಿ ಕೇಬಲ್ ಆಗಲೇ ಮದ್ದಳೆಯ ಮೈಕಿಗೆ ಹೋಗಿತ್ತು. ನನ್ನ ಪೆಟ್ಟಿಗೆಯಲ್ಲಿದ್ದದ್ದು ಮೂರು ಪೆನ್ ಸೆಲ್ ಹಾಕುವ 6 ವ್ಯಾಟಿನ ಐರನ್. ಬಿಟ್ಟಿಗೆ (ಐರನ್ನಿನ ಕಾಯುವ ತುದಿಗೆ) ಲೆಡ್ (ಬೆಸುಗೆ ತಂತಿಗೆ ನಮ್ಮ ಹೆಸರು) ಮುಟ್ಟಿಸಿದೆ, ಚೆನ್ನಾಗಿಯೇ ಕರಗಿತು. ಪಿನ್ನಿನ ದೊಡ್ಡ ಕಾಲಿಗೆ ಒತ್ತಿದೆ. ಮರುಕ್ಷಣ ಬಿಟ್ಟಿನ ಮೇಲಿದ್ದ ಲೆಡ್ಡೂ ಗಟ್ಟಿಯಾಗಿ, ಐರನ್ನೇ ಪಿನ್ನಿಗೆ ಅಂಟಿಕೊಂಡು ನಿಂತಿತು. ಬಿಡದೆ ಹಿಡಿದೆ. ಒಂದೂವರೆ ನಿಮಿಷವಾಗಿರಬೇಕು, ಲೆಡ್ ಮತ್ತೆ ಮೆತ್ತಗಾಗಿ ಹರಡಿದ ಹಾಗೆ ಕಂಡಿತು. ಅಷ್ಟರಲ್ಲಿ ಒಳಗಿನ ಕಪ್ಪು ಪ್ಲಾಸ್ಟಿಕ್ ಬಳೆಯೂ ಮೆತ್ತಗಾಗಿ, ನಡುವಿನ ಕಡ್ಡಿ ಓರೆಯಾಗಿ ಬಾಡಿಗೆ ತಾಗಿತ್ತು. ಸಿಕ್ಕಿಸಿದರೆ ಹಮ್ಮಿಂಗೂ ಇಲ್ಲ, ಸ್ವರವೂ ಇಲ್ಲ. ಭಾಗವತರು ಎರಡು ಪದ್ಯ ಬರಿಗಂಟಲಿನಲ್ಲಿ ಹಾಡಿದರು. ಹಿಂದಿನ ಸಾಲಿನವರು ಎದ್ದು ನಿಂತು ಕಿವಿಗೊಟ್ಟರು. ಆ ಎರಡು ಪದ್ಯದ ಹೊತ್ತು ನಾನು ಹೇಗೆ ನಿಂತಿದ್ದೆ ಎನ್ನುವುದು ಇವತ್ತಿಗೂ ನೆನಪಿದೆ.

ಐರನ್ನಿಗೆ ಬಿಸಿ ಸಾಲದೆ ಹೀಗಾಯಿತು ಎಂದು ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಬಿಟ್ಟು ಲೆಡ್ ಕರಗಿಸಿತ್ತು. ನೂರರಲ್ಲಿ ತವರ 63, ಸೀಸ 37 ಪಾಲು ಇರುವ 63-37ರ ಲೆಡ್ ಕರಗುವುದು 183 ಡಿಗ್ರಿಗೆ, 60-40 ಪೂರ್ತಿ ಕರಗಲು 190ರ ಹತ್ತಿರ, ಸೀಸವಿಲ್ಲದ್ದಕ್ಕೆ 217ರಿಂದ 227. ಇಷ್ಟು ಬಿಸಿಯನ್ನು ಎಂಥ ಸಣ್ಣ ಐರನ್ನೂ ಮುಟ್ಟುತ್ತದೆ. ಬೆಂಕಿಕಡ್ಡಿಯ ಉರಿಯೂ ಬಚ್ಚಲೊಲೆಯ ಉರಿಯಷ್ಟೇ ಬಿಸಿ, ಆದರೆ ಬೆಂಕಿಕಡ್ಡಿಯಿಂದ ಹಂಡೆ ನೀರು ಕಾಯುವುದಿಲ್ಲ. ಬ್ಯಾಟರಿ ಐರನ್ನಿನ ಡಬ್ಬಿಯ ಮೇಲೆ 450 ಡಿಗ್ರಿ ಎಂದು ದೊಡ್ಡದಾಗಿ ಬರೆದಿದ್ದರೆ ಅದು ಬೆಂಕಿಕಡ್ಡಿಯ ಬಿಸಿಯ ಲೆಕ್ಕ. ನಮಗೆ ಬೇಕಾದದ್ದು ಸೆಕೆಂಡಿಗೆ ಎಷ್ಟು ಶಾಖ ಒಳಗೆ ಹೋಗುತ್ತದೆ ಎನ್ನುವ ಲೆಕ್ಕ.

ಆ ಪಿನ್ನನ್ನೇ ತೆಗೆದುಕೊಳ್ಳಿ. ಕವರು ಬಿಚ್ಚಿದ ಪಿ-38 ತೂಗಿ ನೋಡಿದರೆ ಹತ್ತು ಗ್ರಾಂ ಆಸುಪಾಸು. ಅದರಲ್ಲಿ ಐದು ಗ್ರಾಂ ಹಿತ್ತಾಳೆಯಾದರೂ ಕಾಯದೆ ಲೆಡ್ ಹಿಡಿಯುವುದಿಲ್ಲ. ಒಂದು ಗ್ರಾಂ ಹಿತ್ತಾಳೆಯನ್ನು ಒಂದು ಡಿಗ್ರಿ ಏರಿಸಲು 0.38 ಜೂಲ್ ಬೇಕು. 30 ಡಿಗ್ರಿಯಿಂದ 200ಕ್ಕೆ ಏರಿಸಲು ಐದು ಗ್ರಾಮಿಗೆ ಸುಮಾರು 320 ಜೂಲ್. 6 ವ್ಯಾಟಿನ ಐರನ್ ಕೊಡುವುದೇ ಸೆಕೆಂಡಿಗೆ 6 ಜೂಲ್. ಅರ್ಧ ಗಾಳಿಗೆ ಹೋಯಿತೆಂದುಕೊಂಡರೆ ನೂರು ಸೆಕೆಂಡಿಗಿಂತ ಹೆಚ್ಚು ಬೇಕು. ಮನೆಯ 25 ವ್ಯಾಟಿನ ಕರೆಂಟ್ ಐರನ್ನಿನ ಕತೆ ಬೇರೆ. ಅದರ ತಾಮ್ರದ ದಪ್ಪ ಬಿಟ್ಟೇ ಎಂಟು ಒಂಬತ್ತು ಗ್ರಾಂ ಇರುತ್ತದೆ. 350 ಡಿಗ್ರಿಯಲ್ಲಿ ಕಾದು ಕೂತಿರುವ ಅದು ನೂರು ಡಿಗ್ರಿ ಇಳಿಯುವಷ್ಟರಲ್ಲೇ 300 ಜೂಲಿಗಿಂತ ಹೆಚ್ಚು ಕೊಟ್ಟುಬಿಡುತ್ತದೆ. ಹೀಟರು ಹಿಂದಿನಿಂದ ತುಂಬುತ್ತಲೇ ಇರುತ್ತದೆ. ಕಣಜದಲ್ಲಿ ಭತ್ತ ಇದ್ದ ಹಾಗೆ. ಬ್ಯಾಟರಿ ಐರನ್ನಿನ ಪೆನ್ಸಿಲ್ ಮೊನೆಯಂಥ ಬಿಟ್ಟಿನಲ್ಲಿ ಆ ಸಂಗ್ರಹ ಇಲ್ಲ.

ಇದರಿಂದ ಬರುವ ಮಾತೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಶಕ್ತಿ ಕಡಿಮೆ ಇರುವ ಐರನ್ನೇ ಹೆಚ್ಚು ಸುಡುತ್ತದೆ. ಜೋರಿನ ಐರನ್ ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಿ ಹಿಂದೆ ಬರುತ್ತದೆ, ಶಾಖ ಪ್ಲಾಸ್ಟಿಕ್ ತನಕ ಹೋಗುವುದೇ ಇಲ್ಲ. ಮೆಲ್ಲಗಿನ ಐರನ್ ನಿಮಿಷಗಟ್ಟಲೆ ಕೂತು ಇಡೀ ಪಿನ್ನನ್ನು ಬೇಯಿಸುತ್ತದೆ. ವೈರಿನ ಸಿಪ್ಪೆ ಹಿಂದಕ್ಕೆ ಸುರುಟುತ್ತದೆ, ಬೋರ್ಡಿನಲ್ಲಾದರೆ ತಾಮ್ರದ ಪಟ್ಟಿಯೇ ಎದ್ದು ಬರುತ್ತದೆ. ಇಷ್ಟೆಲ್ಲ ಆಗಿಯೂ ಸಿಕ್ಕುವುದು ಡ್ರೈ ಸೋಲ್ಡರ್. ಮೇಲೆ ಗುಂಡಗೆ ಮುತ್ತಿನ ಹಾಗೆ ಕೂತಿರುತ್ತದೆ, ಅಡಿಗೆ ಹಿಡಿದಿರುವುದಿಲ್ಲ.

ಹೊಸ ಐರನ್ ತಂದ ದಿನ ಮನೆಯಲ್ಲೇ ಕೂತು ಪರೀಕ್ಷೆ ಮಾಡಿ. ನಾನು ಮೂರು ಬೆಸುಗೆ ಹಾಕಿ ನೋಡುತ್ತೇನೆ. ಒಂದು, ಎರಡು ಸಣ್ಣ ವೈರು ಹೊಸೆದು ಹಾಕುವ ಬೆಸುಗೆ. ಎರಡು, ಎಕ್ಸ್‌ಎಲ್‌ಆರ್ ಪಿನ್ನಿನ (ಮೂರು ಕಾಲಿನ ಗುಂಡು ಮೈಕ್ ಪಿನ್ನು) ಒಂದನೇ ಕಾಲು, ಅಂದರೆ ಶೀಲ್ಡ್ ಕೂರುವ ಜಾಗ. ಮೂರು, ಪಿ-38ರ ದೊಡ್ಡ ಕಾಲು. ಬಿಟ್ಟು ಇಟ್ಟ ಕ್ಷಣದಿಂದ ಬಾಯಲ್ಲಿ ಎಣಿಸಿ. ನಾಲ್ಕರೊಳಗೆ ಲೆಡ್ ಹರಿದು ಲೋಹಕ್ಕೆ ಮೆತ್ತಿಕೊಂಡರೆ ಆ ಕೆಲಸ ನಿಮ್ಮ ಐರನ್ನಿಗೆ ಸೇರಿದ್ದು. ಹತ್ತು ದಾಟಿದರೆ ಆ ಕೆಲಸ ಅದರದ್ದಲ್ಲ, ಬಯಲಿನಲ್ಲಿ ಪ್ರಯತ್ನವನ್ನೂ ಮಾಡಬೇಡಿ. ಪೆನ್ ಸೆಲ್ಲಿನ ಐರನ್ ಮೊದಲನೆಯದನ್ನು ಮಾಡುತ್ತದೆ. ಒಂದೇ ಲೀಥಿಯಂ ಸೆಲ್ ಇರುವ 8 ವ್ಯಾಟಿನದು ಎರಡನೆಯದರಲ್ಲಿ ಕಷ್ಟಪಡುತ್ತದೆ. ಮೂರನೆಯದು ಎರಡಕ್ಕೂ ಆಗದ ಮಾತು.

ಅದೇ ಪರೀಕ್ಷೆಯನ್ನು ಬ್ಯಾಟರಿ ಮುಕ್ಕಾಲು ಖಾಲಿಯಾದ ಮೇಲೆ ಇನ್ನೊಮ್ಮೆ ಮಾಡಿ. ಇದನ್ನು ಬಹಳ ಜನ ಮಾಡುವುದಿಲ್ಲ. ಬಿಸಿ ಹಿಡಿತದ ಸರ್ಕ್ಯೂಟ್ ಇಲ್ಲದ ಅಗ್ಗದ ಐರನ್ನಿನಲ್ಲಿ ಬ್ಯಾಟರಿ ನೇರ ಹೀಟರಿಗೆ ಹೋಗುತ್ತದೆ, ಮತ್ತು ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಲೀಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್, ಮುಗಿಯುತ್ತ ಬಂದಾಗ 3.3. ವೋಲ್ಟೇಜ್ ಐದರಲ್ಲಿ ಒಂದು ಪಾಲು ಮಾತ್ರ ಇಳಿದ ಹಾಗೆ ಕಾಣುತ್ತದೆ, ಆದರೆ ಶಾಖ ನೂರಕ್ಕೆ 38ರಷ್ಟು ಹೋಗಿರುತ್ತದೆ. ಸಂಜೆ ಕೆಲಸ ಮಾಡಿದ ಐರನ್ ರಾತ್ರಿ ಮೂರಕ್ಕೆ ಮಾಡದಿರುವುದಕ್ಕೆ ಇದೇ ಕಾರಣ. ಪೆನ್ ಸೆಲ್ಲಿನಲ್ಲಿ ಇನ್ನೂ ಕಷ್ಟ. ಸಾಮಾನ್ಯ ಆಲ್ಕಲೈನ್ ಸೆಲ್ಲಿನಿಂದ ಒಂದು ಆಂಪಿಯರಿಗಿಂತ ಹೆಚ್ಚು ಎಳೆದರೆ ಅದರಲ್ಲಿರುವುದರ ಅರ್ಧವೂ ಕೈಗೆ ಬರುವುದಿಲ್ಲ, ಉಳಿದದ್ದು ಸೆಲ್ಲಿನೊಳಗೇ ಕಾಯುತ್ತದೆ. ಆ ಐರನ್ನೇ ಇದ್ದರೆ ರೀಚಾರ್ಜ್ ಆಗುವ ನಿಕಲ್ ಸೆಲ್ ಹಾಕಿ. 1.2 ವೋಲ್ಟ್ ಎಂದು ಕಡಿಮೆ ಕಂಡರೂ ಭಾರ ಬಿದ್ದಾಗ ಕುಸಿಯದೆ ನಿಲ್ಲುತ್ತದೆ.

ಮೂರನೇ ಪರೀಕ್ಷೆಗೆ ಟೇಬಲ್ ಫ್ಯಾನ್ ಬೇಕು. ಫ್ಯಾನಿನ ಎದುರು ಕೂತು ಎಕ್ಸ್‌ಎಲ್‌ಆರ್ ಬೆಸುಗೆ ಹಾಕಿ ನೋಡಿ. ಮನೆಯೊಳಗೆ ನಾಲ್ಕು ಎಣಿಸುವುದರೊಳಗೆ ಆದದ್ದು ಗಾಳಿಯಲ್ಲಿ ಹನ್ನೆರಡಾದರೂ ಆಗುವುದಿಲ್ಲ. ಬಿಟ್ಟು ಸಣ್ಣದು, ಹಿಂದಿನಿಂದ ತುಂಬುವ ಶಕ್ತಿ ಕಡಿಮೆ, ಗಾಳಿ ಅಷ್ಟನ್ನೂ ಹೊತ್ತೊಯ್ಯುತ್ತದೆ. ಜನವರಿಯ ಬೆಳಗಿನ ಜಾವ ಗದ್ದೆಯಲ್ಲಿ ಬೀಸುವ ಗಾಳಿಗೆ ಇಬ್ಬನಿಯೂ ಸೇರಿರುತ್ತದೆ. ಒದ್ದೆ ಕೇಬಲ್ ಒರೆಸದೆ ಬಿಟ್ಟು ಇಟ್ಟರೆ ಮೊದಲ ಶಾಖವೆಲ್ಲ ನೀರು ಆರಿಸುವುದಕ್ಕೇ ಹೋಯಿತು. ನಾನು ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಸದಾ ಜೊತೆಗಿಟ್ಟುಕೊಳ್ಳುತ್ತೇನೆ. ಅಡ್ಡ ಮಲಗಿಸಿ, ಬಾಯಿ ಗಾಳಿಗೆ ಬೆನ್ನಾಗುವಂತೆ ಇಟ್ಟು ಅದರೊಳಗೆ ಕೆಲಸ ಮಾಡುತ್ತೇನೆ. ಚೌಕಿಯೊಳಗೆ (ವೇಷ ಕಟ್ಟುವ ಬಿಡಾರದೊಳಗೆ) ಗಾಳಿ ಇರುವುದಿಲ್ಲ ನಿಜ, ಆದರೆ ಅಲ್ಲಿ ವೇಷದ ಬಟ್ಟೆ ಹರಡಿರುತ್ತದೆ. ಬಿಸಿ ಐರನ್ ಹಿಡಿದು ಅಲ್ಲಿಗೆ ಕಾಲಿಡಬೇಡಿ.

ಇನ್ನು, ಕೈಯಲ್ಲಿರುವ ಐರನ್ನಿನಿಂದಲೇ ಹೆಚ್ಚು ಕೆಲಸ ತೆಗೆಯುವ ದಾರಿಗಳು.

ಎಲ್ಲಕ್ಕಿಂತ ಮೊದಲು ಬಿಟ್ಟು ಬದಲಿಸಿ. ಡಬ್ಬಿಯಲ್ಲಿ ಬರುವ ಸೂಜಿಮೊನೆ ಬಿಟ್ಟು ನೋಡಲು ಚೆಂದ. ಅದು ಕೆಲಸಕ್ಕೆ ತಾಗುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ, ಇದ್ದ ಶಾಖವೂ ಆ ಚುಕ್ಕೆಯಿಂದಲೇ ಇಳಿಯಬೇಕು. ಸಿಗುವುದಾದರೆ ಎರಡು ಎರಡೂವರೆ ಮಿಲಿಮೀಟರಿನ ಉಳಿಬಾಯಿಯ ಬಿಟ್ಟು ಹಾಕಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಸಾಮಾನ್ಯ ಮಾದರಿಗಳಿಗೆಲ್ಲ ಸಿಗುತ್ತದೆ. ಸಿಗದಿದ್ದರೆ ಸೂಜಿಮೊನೆಯ ಪಕ್ಕೆಯನ್ನು ತಾಗಿಸಿ, ಮೊನೆಯನ್ನಲ್ಲ. ಬಿಟ್ಟನ್ನು ಅರ ಹಾಕಿ ಉಜ್ಜಬೇಡಿ. ಹೊರಗಿನ ಕಬ್ಬಿಣದ ಲೇಪ ಹೋದರೆ ಒಳಗಿನ ತಾಮ್ರವನ್ನು ಲೆಡ್ ತಿಂದುಹಾಕುತ್ತದೆ.

ಬಿಟ್ಟು ಇಡುವ ಮುಂಚೆ ಅದರ ಮೇಲೆ ಒಂದು ಹನಿ ಹೊಸ ಲೆಡ್ ಇರಲಿ. ಆ ಹನಿಯೇ ಶಾಖ ದಾಟುವ ಸೇತುವೆ. ಒಣ ಬಿಟ್ಟು ಒಣ ಲೋಹಕ್ಕೆ ತಾಗಿದರೆ ನಡುವೆ ಗಾಳಿಯೇ ಇರುತ್ತದೆ. ಬಯಲಿಗೆ 63-37ರ, 0.8 ಮಿಲಿಮೀಟರ್ ದಪ್ಪದ ಲೆಡ್ ಒಯ್ಯಿರಿ. 183 ಡಿಗ್ರಿಗೆ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ, ಕೈ ನಡುಗಿದರೂ ಬೆಸುಗೆ ಕೆಡುವ ಸಂಭವ ಕಡಿಮೆ. ಸೀಸವಿಲ್ಲದ ಲೆಡ್ಡಿಗೆ ಇನ್ನೂ ಮೂವತ್ತು ನಲವತ್ತು ಡಿಗ್ರಿ ಬೇಕು, ಸಣ್ಣ ಐರನ್ನಿಗೆ ಅದು ಸಣ್ಣ ಮಾತಲ್ಲ. ಸೀಸದ್ದು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಚಹಾ ಲೋಟ ಹಿಡಿಯಬೇಡಿ. ರಾತ್ರಿ ಕೆಲಸದಲ್ಲಿ ಇದು ಬೇಗ ಮರೆಯುತ್ತದೆ, ಅದಕ್ಕೇ ಹೇಳಿದೆ. ಪೇಸ್ಟ್ ಹಚ್ಚುವುದಾದರೆ ರೋಸಿನ್ನಿನದು. ತಗಡು ಕೆಲಸದವರ ಆ್ಯಸಿಡ್ ಪೇಸ್ಟ್ ಲೆಡ್ಡನ್ನು ಚೆನ್ನಾಗಿ ಹರಿಸುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವೈರನ್ನು ಹಸಿರು ಹಿಡಿಸಿ ತಿಂದುಬಿಡುತ್ತದೆ.

ಪಿನ್ನನ್ನು ಇಕ್ಕಳದಲ್ಲಿ ಹಿಡಿಯಬೇಡಿ. ನಿಮ್ಮ ಐರನ್ ಕೊಟ್ಟ ಶಾಖವನ್ನು ಇಕ್ಕಳ ಹೀರಿಕೊಂಡು ಕೂರುತ್ತದೆ. ನನ್ನ ಹತ್ತಿರ ಹಲಸಿನ ಮರದ ಒಂದು ತುಂಡಿದೆ, ಅಂಗೈಯಷ್ಟು. ಅದರಲ್ಲಿ ಪಿ-38 ಕೂರುವ ಒಂದು ತೂತು, ಎಕ್ಸ್‌ಎಲ್‌ಆರ್ ಕೂರುವ ಇನ್ನೊಂದು. ಬಾಚಣಿಗೆಯ ಹಾಗೆ ಸೀಳಿದ ಕಚ್ಚುಗಳಲ್ಲಿ ವೈರು ಸಿಕ್ಕಿಸಿದರೆ ಎರಡು ಕೈಯೂ ಬಿಡುವು. ಮರ ಶಾಖ ಎಳೆಯುವುದಿಲ್ಲ, ಮಣ್ಣಿನ ಮೇಲೂ ಅಲ್ಲಾಡದೆ ನಿಲ್ಲುತ್ತದೆ.

ಇಷ್ಟು ಮಾಡಿದರೂ ಸಣ್ಣ ಐರನ್ನಿಗೆ ಪಿ-38ರ ದೊಡ್ಡ ಕಾಲು ಬಯಲಿನಲ್ಲಿ ಬಗ್ಗುವುದಿಲ್ಲ. ಅದಕ್ಕೆ ನಾನು ಕಂಡುಕೊಂಡ ದಾರಿ, ಶಾಖ ಬೇಡುವ ಬೆಸುಗೆಯನ್ನೆಲ್ಲ ಮನೆಯಲ್ಲೇ ಮುಗಿಸಿ ಒಯ್ಯುವುದು. ಹಗಲು ಹೊತ್ತು 25 ವ್ಯಾಟಿನ ಕರೆಂಟ್ ಐರನ್ ಹಿಡಿದು ಆರು ಹೊಸ ಪಿನ್ನುಗಳಿಗೆ ಮೂರು ಇಂಚಿನ ಮೆತ್ತನೆ ವೈರು ಹಾಕಿಡುತ್ತೇನೆ, ಒಳಗಿನ ಕಡ್ಡಿಗೆ ಕೆಂಪು, ಬಾಡಿಗೆ ಕಪ್ಪು. ಎಕ್ಸ್‌ಎಲ್‌ಆರ್‌ಗಾದರೆ ಮೂರು ಬಣ್ಣ. ತುದಿಗಳಿಗೆ ಲೆಡ್ ಹಿಡಿಸಿ, ಬೆಸುಗೆಯ ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಎಳೆದು, ಒಂದೊಂದನ್ನೂ ಮೀಟರ್ ಹಚ್ಚಿ ನೋಡಿ ಚೀಲದಲ್ಲಿ ಕಟ್ಟಿಡುತ್ತೇನೆ. ರಾತ್ರಿ ಕೇಬಲ್ ಕಿತ್ತರೆ ಹಳೆಯ ಪಿನ್ನನ್ನು ಕತ್ತರಿಸಿ ಎಸೆಯುವುದು, ವೈರಿಗೆ ವೈರು ಜೋಡಿಸುವುದು. ಅದು ಪರೀಕ್ಷೆಯ ಮೊದಲನೇ ಬೆಸುಗೆ, ಪೆನ್ ಸೆಲ್ಲಿನ ಐರನ್ನೂ ಎರಡು ಸೆಕೆಂಡಿನಲ್ಲಿ ಮಾಡುತ್ತದೆ. ಎರಡು ಜೋಡಣೆ ಅಕ್ಕಪಕ್ಕ ಬರದ ಹಾಗೆ ಒಂದು ವೈರನ್ನು ಒಂದು ಇಂಚು ಗಿಡ್ಡ ಮಾಡಿ. ಹೀಟ್ ಶ್ರಿಂಕ್ ತುಂಡನ್ನು ಮೊದಲೇ ವೈರಿಗೆ ಪೋಣಿಸಿಕೊಳ್ಳಿ. ಎಳೆತ ಬೆಸುಗೆಯ ಮೇಲೆ ಬೀಳದ ಹಾಗೆ ಕೇಬಲಿನ ಹೊರ ಸಿಪ್ಪೆಯನ್ನೇ ಪಿನ್ನಿನ ಕ್ಲ್ಯಾಂಪಿಗೆ ಕಚ್ಚಿಸಿ.

ಕೇಬಲ್ ಕೊಳ್ಳುವಾಗಲೂ ಈ ಲೆಕ್ಕ ಇರಲಿ. ದಟ್ಟವಾಗಿ ಜಡೆ ಹೆಣೆದ ಶೀಲ್ಡಿನ ಕೇಬಲ್ ಒಳ್ಳೆಯದೇ, ಆದರೆ ಅದರ ಬೆಸುಗೆಗೆ ಶಾಖ ಬಹಳ ಬೇಕು. ಸುರುಳಿ ಸುತ್ತಿದ ಶೀಲ್ಡ್ ಬೇಗ ಬಿಚ್ಚುತ್ತದೆ, ಬೇಗ ಲೆಡ್ ಹಿಡಿಯುತ್ತದೆ.

ಈಗ ನಾನು ಬಳಸುತ್ತಿರುವುದು ಪವರ್ ಬ್ಯಾಂಕಿನಿಂದ ಓಡುವ ಟೈಪ್-ಸಿ ಐರನ್, ಪೈನ್‌ಸಿಲ್ ಮಾದರಿಯದು. ಟೈಪ್-ಸಿ ಕೇಬಲ್ ಹಿಡಿದೇ ಇರಬೇಕಾದ್ದರಿಂದ ಪೂರ್ತಿ ವೈರಿಲ್ಲದ್ದು ಎನ್ನಲಾಗದು. ಕೆಲಸ ಮಾತ್ರ ಕರೆಂಟ್ ಐರನ್ನಿಗೆ ಸಮ. ಪಿ-38ರ ದೊಡ್ಡ ಕಾಲನ್ನೂ ಐದಾರು ಸೆಕೆಂಡಿನಲ್ಲಿ ಕಾಯಿಸುತ್ತದೆ. ಆದರೆ ಇದನ್ನು ಕೊಂಡವರು ಪವರ್ ಬ್ಯಾಂಕಿನಲ್ಲಿ ಮೋಸಹೋಗುವುದನ್ನು ನೋಡಿದ್ದೇನೆ. ಹೀಟರ್ 8 ಓಮ್ ಎಂದುಕೊಳ್ಳಿ. 5 ವೋಲ್ಟ್ ಕೊಟ್ಟರೆ ಸಿಗುವುದು 3 ವ್ಯಾಟ್. 9 ವೋಲ್ಟಿಗೆ 10 ವ್ಯಾಟ್, 12ಕ್ಕೆ 18, 20ಕ್ಕೆ 50. ಅಂದರೆ 20 ವೋಲ್ಟ್ ಕೊಡುವ ಪವರ್ ಬ್ಯಾಂಕ್ ಇಲ್ಲದಿದ್ದರೆ ಈ ಐರನ್ ತಂದೂ ಪ್ರಯೋಜನವಿಲ್ಲ. ಮೊಬೈಲಿಗೆ ಮಾರುವ 22.5 ವ್ಯಾಟಿನ ಪವರ್ ಬ್ಯಾಂಕುಗಳು ಸಾಮಾನ್ಯವಾಗಿ 12 ವೋಲ್ಟಿಗೇ ನಿಲ್ಲುತ್ತವೆ. ಹಿಂಬದಿಯ ಸಣ್ಣಕ್ಷರದಲ್ಲಿ ಔಟ್‌ಪುಟ್ ಸಾಲು ಓದಿ, 20 ವೋಲ್ಟ್ ಎಂದು ಕಣ್ಣಾರೆ ಕಂಡ ಮೇಲೆ ದುಡ್ಡು ಕೊಡಿ. ಕೇಬಲ್ ಎರಡೂ ತುದಿ ಟೈಪ್-ಸಿ ಇರಬೇಕು. ಸಿಲಿಕೋನ್ ಸಿಪ್ಪೆಯದಾದರೆ ಬಿಸಿ ಬಿಟ್ಟು ತಾಗಿದರೂ ಕರಗುವುದಿಲ್ಲ.

ಇನ್ನೊಂದು ಕಿರಿಕಿರಿ: ಐರನ್ ಬಳಸದೆ ಇಟ್ಟರೆ ತಾನೇ ನಿದ್ದೆಗೆ ಜಾರುತ್ತದೆ, ಕರೆಂಟ್ ಎಳೆಯುವುದು ನಿಂತಿತೆಂದು ಪವರ್ ಬ್ಯಾಂಕ್ ಪೂರ್ತಿ ಆಫ್ ಆಗುತ್ತದೆ. ಅವಸರದಲ್ಲಿ ಕೈಗೆತ್ತಿಕೊಂಡಾಗ ತಣ್ಣಗಿರುತ್ತದೆ. ಪೈನ್‌ಸಿಲ್‌ನ ಒಳಗಿನ ಸಾಫ್ಟ್‌ವೇರ್ ಆದ ಐರನ್ಓಎಸ್ ಸೆಟ್ಟಿಂಗ್‌ನಲ್ಲಿ ಆಗಾಗ ಒಂದು ಚಿಕ್ಕ ಮಿಡಿತ ಎಳೆದು ಪವರ್ ಬ್ಯಾಂಕನ್ನು ಎಚ್ಚರವಾಗಿಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿಕೊಳ್ಳಿ.

ಗ್ಯಾಸಿನ ಐರನ್ ಬಗ್ಗೆ ಕೇಳುವವರಿದ್ದಾರೆ. ಶಾಖ ಧಾರಾಳ, ಆದರೆ ಪಕ್ಕದ ಕಿಂಡಿಯಿಂದ ಹೊರಬರುವ ಬಿಸಿ ಹೊಗೆ ವೈರಿನ ಸಿಪ್ಪೆ ಸುಡುತ್ತದೆ. ಜನರ ನಡುವೆ, ಒಣ ಹುಲ್ಲಿನ ಮೇಲೆ ಅದನ್ನು ಹಚ್ಚಲು ನನಗೆ ಮನಸ್ಸಿಲ್ಲ.

ಅಪಾಯದ ಮಾತೊಂದನ್ನು ಬಿಡುವಂತಿಲ್ಲ. ನನ್ನ ಎರಡನೇ ಐರನ್, ಜಾರುವ ಸ್ವಿಚ್ಚಿನದು, ಕೇಬಲ್ ಚೀಲದೊಳಗೆ ತಾನೇ ಆನ್ ಆಗಿತ್ತು. ಘಟ್ಟ ಇಳಿಯುವಾಗ ವ್ಯಾನಿನಲ್ಲಿ ರಬ್ಬರು ಸುಟ್ಟ ವಾಸನೆ ಬಂತು. ಪ್ಲಾಸ್ಟಿಕ್ ಟೋಪಿ ಕರಗಿ ಬಿಟ್ಟಿಗೆ ಸುತ್ತಿಕೊಂಡಿತ್ತು, ಚೀಲದಲ್ಲಿ ಮುಷ್ಟಿಯಷ್ಟು ತೂತು. ಬಿಸಿಯಾದ ಬಿಟ್ಟಿನಿಂದ ಒಂದು ಗೇಣು ದೂರದಲ್ಲಿ ಲೀಥಿಯಂ ಸೆಲ್ ಇತ್ತು ಎನ್ನುವುದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಸಾಗಿಸುವಾಗ ಸೆಲ್ ತೆಗೆಯಲು ಬರುವುದಾದರೆ ತೆಗೆದಿಡಿ, ಇಲ್ಲವೇ ಪವರ್ ಬ್ಯಾಂಕಿನ ಕೇಬಲ್ ಕಳಚಿ. ಐರನ್ ತಗಡಿನ ಡಬ್ಬಿಯೊಳಗೆ ಇರಲಿ. ಕೆಲಸವಾದ ಮೇಲೆ ಐದು ನಿಮಿಷ ಆರಲು ಬಿಟ್ಟು ಟೋಪಿ ಹಾಕಿ. ಲೀಥಿಯಂ ಸೆಲ್ಲನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಅದಕ್ಕಿಂತ ಹೆಚ್ಚು ಕಾಯುತ್ತದೆ.

ಬ್ಯಾಟರಿ ಐರನ್ನಿನ ಪರವಾಗಿ ಒಂದು ಮಾತು ಹೇಳಲೇಬೇಕು. ಎರಡು ಪಿನ್ನಿನ ಹಳೆಯ ಕರೆಂಟ್ ಐರನ್ನನ್ನು ಇಬ್ಬನಿ ಗದ್ದೆಯಲ್ಲಿ ಬರಿಗಾಲಿನಲ್ಲಿ ಹಿಡಿದು ಜುಮ್ ಎನ್ನಿಸಿಕೊಂಡಿದ್ದೇನೆ. ಬ್ಯಾಟರಿಯದರಲ್ಲಿ ಆ ಭಯವಿಲ್ಲ. ಅದೊಂದಕ್ಕಾಗಿಯೇ ಇದರ ಕೊರತೆಗಳ ಜೊತೆ ಇಷ್ಟು ಹೆಣಗಿದ್ದೇನೆ.

ನನ್ನ ಪೆಟ್ಟಿಗೆಯ ತಳದಲ್ಲಿ ಸ್ಕ್ರೂ ಹಾಕುವ ಕನೆಕ್ಟರ್ ಪಟ್ಟಿಯ ಒಂದು ತುಂಡೂ ಇದೆ. ಬಿಟ್ಟು ಇಟ್ಟು ಐದು ಎಣಿಸಿದರೂ ಲೆಡ್ ಹರಿಯದಿದ್ದರೆ ಐರನ್ ಕೆಳಗಿಡುತ್ತೇನೆ. ವೈರು ಸುಲಿದು ಪಟ್ಟಿಗೆ ತುರುಕಿ, ಸ್ಕ್ರೂ ಬಿಗಿದು, ಟೇಪು ಸುತ್ತಿ ಆಟ ಮುಗಿಸುತ್ತೇನೆ. ಬೆಸುಗೆ ಬೆಳಿಗ್ಗೆ ಮನೆಯಲ್ಲಿ.